ಮುಚ್ಚಿದ ವಾಲ್ವ್, ಕೈಕೊಟ್ಟ ಬ್ಯಾಕಪ್: ಬ್ಯಾಂಕು ನಿಂತಾಗ ಸರ್ಕಾರ ಏನು ಮಾಡಬೇಕು?

ಜೀನು, ಪ್ರೋಟೀನು, ಬ್ಯಾಕ್ಟೀರಿಯಾ ಅಂತ ಮಾತಾಡುವ ಈ ಪಾಡ್‌ಕಾಸ್ಟ್‌ನಲ್ಲಿ ಇವತ್ತು ಬ್ಯಾಂಕಿನ ವಿಷಯ ಯಾಕೆ ಬಂತು ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಒಂದು ವ್ಯವಸ್ಥೆಯಲ್ಲಿ ಎರಡು ಪ್ರತಿ ಇಟ್ಟುಕೊಂಡಿದ್ದರೂ ಅದು ಯಾಕೆ ಕುಸಿಯುತ್ತೆ ಅನ್ನೋ ಪ್ರಶ್ನೆ ಜೀವವಿಜ್ಞಾನದಲ್ಲೂ ಇದೆ, ಬ್ಯಾಂಕಿನಲ್ಲೂ ಇದೆ. ಕುಸಿದ ಮೇಲೆ ಅದನ್ನು ನೋಡಿಕೊಳ್ಳಬೇಕಾದ ಸರ್ಕಾರಿ ಸಂಸ್ಥೆ ಯಾವ ಔಷಧಿ ಕೊಡಬೇಕು ಅನ್ನೋದು ಇನ್ನೂ ಕಷ್ಟದ ಪ್ರಶ್ನೆ. ಇವತ್ತು ಒಂದು ನಿಜವಾದ ಪ್ರಕರಣ ಹಿಡಿದುಕೊಂಡು ಅದನ್ನೇ ನಿಧಾನವಾಗಿ ಬಿಡಿಸಿ ನೋಡೋಣ.

ಪ್ರಕರಣ ಸಿಂಗಾಪುರದ್ದು. 2023ರ ಅಕ್ಟೋಬರ್ 14, ಶನಿವಾರ. ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಡಿಬಿಎಸ್ ಬ್ಯಾಂಕ್ ಮತ್ತು ಸಿಟಿಬ್ಯಾಂಕ್, ಎರಡರದ್ದೂ ಸೇವೆಗಳು ಒಟ್ಟಿಗೇ ಕೈಕೊಟ್ಟವು. ಡಿಬಿಎಸ್ ಅಂದರೆ ಆಸ್ತಿ ಗಾತ್ರದಲ್ಲಿ ಆಗ್ನೇಯ ಏಷ್ಯಾದ ಅತಿ ದೊಡ್ಡ ಬ್ಯಾಂಕು. ಆ್ಯಪ್ ತೆರೆಯಲಿಲ್ಲ, ಕಾರ್ಡು ಓಡಲಿಲ್ಲ, ಎಟಿಎಂ ದುಡ್ಡು ಕೊಡಲಿಲ್ಲ. ಪೂರ್ತಿ ಸರಿಹೋಗುವಷ್ಟರಲ್ಲಿ ಮರುದಿನ ಬೆಳಗಿನ ಜಾವ ಆಗಿತ್ತು. ನಂತರ ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 25 ಲಕ್ಷ ಪಾವತಿ ಮತ್ತು ಎಟಿಎಂ ವ್ಯವಹಾರಗಳು ನಡೆಯಲಿಲ್ಲ. ಆ್ಯಪ್ ಮತ್ತು ವೆಬ್‌ಸೈಟ್ ಒಳಗೆ ಹೋಗಲು ಜನ ಮಾಡಿದ ಸುಮಾರು 8 ಲಕ್ಷದ 10 ಸಾವಿರ ಪ್ರಯತ್ನಗಳು ವಿಫಲವಾದವು. ಇಡೀ ದೇಶದ ಜನಸಂಖ್ಯೆಯೇ ಆಗ 60 ಲಕ್ಷದ ಹತ್ತಿರ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಸಿಂಗಾಪುರದಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಾಕರ್ ಸೆಂಟರ್‌ನಲ್ಲಿ ಊಟ ಮುಗಿಸಿ ಕ್ಯೂಆರ್ ಕೋಡಿಗೆ ಫೋನು ಹಿಡಿಯೋದು ಅಭ್ಯಾಸವಾಗಿಹೋಗಿದೆ. ಪರ್ಸಿನಲ್ಲಿ ಐದು ಡಾಲರ್ ನೋಟು ಕೂಡ ಇಲ್ಲದೆ ಓಡಾಡೋರು ಎಷ್ಟೋ ಜನ. ತಿಂಗಳ ಮಧ್ಯದಲ್ಲಿ ಊರಿಗೆ ಅಪ್ಪನ ಆಸ್ಪತ್ರೆ ಬಿಲ್ಲಿಗೆ ದುಡ್ಡು ಕಳಿಸಬೇಕಾದವರಿಗೆ ಒಂದು ಶನಿವಾರ ರಾತ್ರಿ ಅನ್ನೋದು ತುಂಬ ಉದ್ದ.

ಈಗ ಕಾರಣಕ್ಕೆ ಬರೋಣ. ಹ್ಯಾಕರ್‌ಗಳ ಕೈವಾಡ ಇರಲಿಲ್ಲ. ಎರಡೂ ಬ್ಯಾಂಕುಗಳು ಬಳಸುತ್ತಿದ್ದ ಡೇಟಾ ಸೆಂಟರ್ ಒಂದೇ, ಈಕ್ವಿನಿಕ್ಸ್ ಅನ್ನೋ ಕಂಪನಿಯದ್ದು. ಅಲ್ಲಿ ತಂಪು ಮಾಡುವ ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸುವ ಕೆಲಸ ನಡೀತಿತ್ತು. ಗುತ್ತಿಗೆದಾರರ ಕಡೆಯಿಂದ ಒಂದು ತಪ್ಪು ಸಿಗ್ನಲ್ ಹೋಗಿ, ತಣ್ಣೀರು ತುಂಬಿಟ್ಟ ಟ್ಯಾಂಕುಗಳ ವಾಲ್ವ್‌ಗಳು ಮುಚ್ಚಿಕೊಂಡವು. ಕೆಲವು ಹಾಲ್‌ಗಳಲ್ಲಿ ಬಿಸಿ ಏರಿತು. ಬಿಸಿ ಮಿತಿ ದಾಟಿದಾಗ ಕಂಪ್ಯೂಟರುಗಳು ನಿಂತವು.

ಇಷ್ಟು ಸಣ್ಣ ವಿಷಯಕ್ಕಾ ಅಂತ ಅನ್ನಿಸುತ್ತೆ ಅಲ್ವಾ? ಸ್ವಲ್ಪ ಲೆಕ್ಕ ಹಾಕೋಣ, ಭೌತಶಾಸ್ತ್ರದ ಪಾಠ ನೆನಪಾಗುತ್ತೆ. ಸರ್ವರ್ ಅಂದರೆ ಒಂದು ರೀತಿಯ ಹೀಟರ್. ಅದಕ್ಕೆ ಕೊಟ್ಟ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಕೊನೆಗೆ ಶಾಖವೇ ಆಗುತ್ತೆ. ಒಂದು ಹಾಲ್ 50 ಮೀಟರ್ ಉದ್ದ, 25 ಮೀಟರ್ ಅಗಲ, 4 ಮೀಟರ್ ಎತ್ತರ ಇದೆ ಅಂತಿಟ್ಟುಕೊಳ್ಳಿ. ಒಳಗೆ 5,000 ಘನ ಮೀಟರ್ ಗಾಳಿ, ತೂಕ ಸುಮಾರು 6,000 ಕಿಲೋ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,000 ಜೌಲ್ ಸಾಕು. ಹಾಗಾದರೆ ಇಡೀ ಹಾಲಿನ ಗಾಳಿಗೆ ಒಂದು ಡಿಗ್ರಿಗೆ 60 ಲಕ್ಷ ಜೌಲ್. ಸರ್ವರ್‌ಗಳು ಒಟ್ಟು 1 ಮೆಗಾವ್ಯಾಟ್ ಬಳಸುತ್ತಿದ್ದರೆ ಸೆಕೆಂಡಿಗೆ 10 ಲಕ್ಷ ಜೌಲ್ ಶಾಖ ಹೊರಬರುತ್ತೆ. ಅಂದರೆ ಆರು ಸೆಕೆಂಡಿಗೆ ಒಂದು ಡಿಗ್ರಿ! ನಿಜದಲ್ಲಿ ಕಬ್ಬಿಣದ ರ‍್ಯಾಕುಗಳು, ಗೋಡೆ, ನೆಲ ಎಲ್ಲ ಸ್ವಲ್ಪ ಶಾಖ ಹೀರಿಕೊಳ್ಳುವುದರಿಂದ ಇಷ್ಟು ವೇಗವಾಗಿ ಏರಲ್ಲ. ಆದರೂ ನಮ್ಮ ಕೈಯಲ್ಲಿ ಇರೋದು ನಿಮಿಷಗಳು, ಗಂಟೆಗಳಲ್ಲ.

ಅದಕ್ಕೇ ತಣ್ಣೀರಿನ ಟ್ಯಾಂಕು ಇಡೋದು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಶಾಖ ಹಿಡಿಯುತ್ತೆ. 100 ಘನ ಮೀಟರ್ ತಣ್ಣೀರು, ಅಂದರೆ ಸುಮಾರು ಹತ್ತು ಟ್ಯಾಂಕರ್ ಲಾರಿ ನೀರು, 10 ಡಿಗ್ರಿ ಏರುವಷ್ಟರಲ್ಲಿ ಅದೇ 1 ಮೆಗಾವ್ಯಾಟ್ ಶಾಖವನ್ನು 70 ನಿಮಿಷ ನುಂಗಿಕೊಳ್ಳುತ್ತೆ. ಮುಖ್ಯ ಚಿಲ್ಲರ್ ನಿಂತುಹೋದರೆ ಅದನ್ನು ಮತ್ತೆ ಶುರು ಮಾಡೋವರೆಗೆ ಕಾಪಾಡೋದು ಈ ನೀರೇ. ಕಷ್ಟಕಾಲಕ್ಕೆ ಅಂತ ಇಟ್ಟಿದ್ದ ನೀರಿನ ಬಾಯಿಯೇ ಆವತ್ತು ಮುಚ್ಚಿಹೋಯಿತು.

ಇಲ್ಲೀವರೆಗೆ ತಪ್ಪು ಡೇಟಾ ಸೆಂಟರ್‌ನದ್ದು. ಆದರೆ ಯಾವ ಬ್ಯಾಂಕೂ ಒಂದೇ ಡೇಟಾ ಸೆಂಟರ್ ನೆಚ್ಚಿಕೊಂಡು ಇರಲ್ಲ. ಇಬ್ಬರ ಬಳಿಯೂ ಬೇರೆ ಕಡೆ ಬ್ಯಾಕಪ್ ಕೇಂದ್ರ ಇತ್ತು. ಇಬ್ಬರೂ ತಕ್ಷಣ ಅದಕ್ಕೆ ಬದಲಾಯಿಸಲು ಹೊರಟರು. ನನಗೆ ಈ ಕಥೆಯಲ್ಲಿ ನಿಜವಾಗಿ ಆಸಕ್ತಿ ಹುಟ್ಟಿದ್ದು ಇಲ್ಲಿ. ಡಿಬಿಎಸ್‌ನವರಿಗೆ ನೆಟ್‌ವರ್ಕ್‌ನ ಒಂದು ಸೆಟ್ಟಿಂಗ್ ತಪ್ಪಾಗಿದ್ದರಿಂದ ಬ್ಯಾಕಪ್ ಜೊತೆ ಸಂಪರ್ಕ ಸರಿಯಾಗಿ ಆಗಲಿಲ್ಲ. ಸಿಟಿಬ್ಯಾಂಕ್‌ಗೂ ತನ್ನ ಬ್ಯಾಕಪ್ ಕೇಂದ್ರದ ಸಂಪರ್ಕದಲ್ಲೇ ತೊಡಕು. ಎರಡು ಬೇರೆ ಬೇರೆ ಕಂಪನಿ, ಎರಡು ಬೇರೆ ಬೇರೆ ಬ್ಯಾಕಪ್, ಒಂದೇ ದಿನ ಎರಡೂ ಸರಿಯಾಗಿ ಒದಗಲಿಲ್ಲ.

ಇದನ್ನು ಕಾಕತಾಳೀಯ ಅಂತ ಪಕ್ಕಕ್ಕಿಡಲು ಜೀವವಿಜ್ಞಾನಿಗೆ ಮನಸ್ಸು ಬರಲ್ಲ. ನಮ್ಮ ದೇಹದಲ್ಲೇ ಇದಕ್ಕೊಂದು ಉದಾಹರಣೆ ಇದೆ. ಹಸು, ನಾಯಿ, ಇಲಿ ಇವೆಲ್ಲ ವಿಟಮಿನ್ ಸಿ ಅನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಅದರ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ಜೀನ್ ಹೆಸರು ಗುಲೋ. ಆ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟುಹೋಗಿದೆ. ಹಣ್ಣು, ಎಲೆ ಧಾರಾಳವಾಗಿ ತಿನ್ನುತ್ತಿದ್ದ ನಮ್ಮ ಪೂರ್ವಜ ಪ್ರೈಮೇಟ್‌ಗಳಿಗೆ ವಿಟಮಿನ್ ಸಿ ಹೊರಗಿನಿಂದಲೇ ಸಿಗುತ್ತಿತ್ತು. ಜೀನ್ ಕೆಟ್ಟರೂ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದರಿಂದ ನೈಸರ್ಗಿಕ ಆಯ್ಕೆಗೆ ಅದು ಕಾಣಲೇ ಇಲ್ಲ, ತಪ್ಪಿನ ಮೇಲೆ ತಪ್ಪು ಸೇರುತ್ತಾ ಹೋಯಿತು. ಆಮೇಲೆ ಎಷ್ಟೋ ಕೋಟಿ ವರ್ಷ ಕಳೆದು ತಿಂಗಳುಗಟ್ಟಲೆ ಸಮುದ್ರದಲ್ಲಿ ಇರುತ್ತಿದ್ದ ನಾವಿಕರಿಗೆ ತಾಜಾ ಹಣ್ಣು ತರಕಾರಿ ಸಿಗದಿದ್ದಾಗ ಸ್ಕರ್ವಿ ಬಂತು, ವಸಡು ಕೊಳೆತು ಸತ್ತರು. ಬ್ಯಾಕಪ್ ಬೇಕಾದಾಗ ಅದು ಇರಲಿಲ್ಲ. ಕೆಟ್ಟಿದ್ದು ಆವತ್ತಲ್ಲ, ಗೊತ್ತಾಗಿದ್ದು ಆವತ್ತು.

ಇದಕ್ಕೆ ವಿರುದ್ಧದ ಉದಾಹರಣೆ ಮೂತ್ರಪಿಂಡ. ಒಂದನ್ನು ದಾನ ಮಾಡಿದವರು ಇನ್ನೊಂದರಲ್ಲೇ ಆರೋಗ್ಯವಾಗಿ ಬದುಕಬಲ್ಲರು. ಯಾಕೆ? ಎರಡೂ ದಿನಾ ಕೆಲಸ ಮಾಡ್ತಿದ್ದವು. ದಾನಕ್ಕೆ ಮೊದಲು ವೈದ್ಯರು ಎರಡನ್ನೂ ಪರೀಕ್ಷೆ ಮಾಡಿ, ಉಳಿಯುವುದು ಗಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಕಂಪ್ಯೂಟರ್ ಇಂಜಿನಿಯರುಗಳೂ ಎರಡು ಕೇಂದ್ರಗಳು ಸದಾ ಕೆಲಸ ಹಂಚಿಕೊಳ್ಳುವ ಹಾಗೆ ಕಟ್ಟುವ ಪದ್ಧತಿಯನ್ನೂ, ಒಂದು ಓಡುತ್ತಾ ಇನ್ನೊಂದು ಸುಮ್ಮನೆ ಕಾಯುವ ಪದ್ಧತಿಯನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಮೊದಲನೆಯದು ಮೂತ್ರಪಿಂಡ. ಎರಡನೆಯದು ಗುಲೋ ಆಗುವ ಅಪಾಯ ಸದಾ ಇರುತ್ತೆ.

ಎಷ್ಟು ಅಪಾಯ? ಊಹೆಯ ಸಂಖ್ಯೆಗಳಲ್ಲಿ ನೋಡೋಣ. ಬ್ಯಾಂಕಿನ ಮುಖ್ಯ ವ್ಯವಸ್ಥೆಯಲ್ಲಿ ವರ್ಷಕ್ಕೆ 100 ಬದಲಾವಣೆ ಮಾಡ್ತಾರೆ ಅನ್ನಿ. ಪ್ರತಿ ಬದಲಾವಣೆಯಲ್ಲಿ, ಬ್ಯಾಕಪ್ ಕಡೆ ಅದಕ್ಕೆ ಹೊಂದುವ ಸೆಟ್ಟಿಂಗ್ ಬದಲಿಸೋದನ್ನ ಮರೆಯುವ ಸಾಧ್ಯತೆ 200ಕ್ಕೆ ಒಂದು ಮಾತ್ರ. ತುಂಬ ಜಾಗರೂಕ ತಂಡ. ಆದರೂ ವರ್ಷದ ಕೊನೆಗೆ ಬ್ಯಾಕಪ್ ಕೆಟ್ಟಿರುವ ಸಾಧ್ಯತೆ ಸುಮಾರು ಶೇಕಡಾ 39. ಎರಡು ವಾರಕ್ಕೊಮ್ಮೆ ನಿಜವಾಗಿ ಅದರ ಮೇಲೆ ಕೆಲಸ ಓಡಿಸಿ ನೋಡುತ್ತಾ ಇದ್ದರೆ ಆ ಸಾಧ್ಯತೆ ಶೇಕಡಾ 2ರ ಆಸುಪಾಸಿಗೆ ಇಳಿಯುತ್ತೆ. ಅದೇ ಜನ, ಅದೇ ಎಚ್ಚರ. ಬದಲಾದದ್ದು ಎಷ್ಟು ಸಲ ಪರೀಕ್ಷೆ ಮಾಡ್ತೀವಿ ಅನ್ನೋದಷ್ಟೇ. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು, ಯಾಕಂದರೆ ವಿಕಾಸಕ್ಕೆ ಮುಂದಾಲೋಚನೆ ಇಲ್ಲ, ಬ್ಯಾಂಕಿಗೆ ಇರಬೇಕು. ಗುಲೋ ಜೀನನ್ನು ಯಾರೂ ಬೈಯಲಾಗದು.

ಹಾಗಾದರೆ ಬೈಯಬೇಕಾದವರು, ಅಂದರೆ ನಿಯಂತ್ರಕರು, ಏನು ಮಾಡಿದರು? ಸಿಂಗಾಪುರದಲ್ಲಿ ಬ್ಯಾಂಕುಗಳ ಮೇಲೆ ಕಣ್ಣಿಡುವುದು ಮಾನಿಟರಿ ಅಥಾರಿಟಿ ಆಫ್ ಸಿಂಗಾಪುರ, ಎಲ್ಲರ ಬಾಯಲ್ಲಿ ಎಂಎಎಸ್. ಅವರ ನಿಯಮ ತುಂಬ ಸ್ಪಷ್ಟ. ಯಾವುದೇ ಮುಖ್ಯ ವ್ಯವಸ್ಥೆ ಮುಂಚಿತವಾಗಿ ಹೇಳದೆ ನಿಂತರೆ, ಆ ನಿಂತ ಸಮಯ ಯಾವುದೇ 12 ತಿಂಗಳಲ್ಲಿ ಒಟ್ಟು ನಾಲ್ಕು ಗಂಟೆ ಮೀರಬಾರದು. ತೊಂದರೆ ಗೊತ್ತಾದ ಒಂದು ಗಂಟೆಯೊಳಗೆ ಎಂಎಎಸ್‌ಗೆ ತಿಳಿಸಬೇಕು. ವರ್ಷಕ್ಕೆ 8,760 ಗಂಟೆ, ಅದರಲ್ಲಿ ನಾಲ್ಕು. ಅಕ್ಟೋಬರ್ 14ರ ಒಂದೇ ಘಟನೆ ಹನ್ನೆರಡು ಗಂಟೆಗೂ ಹೆಚ್ಚು ತೆಗೆದುಕೊಂಡಿತು.

ಡಿಬಿಎಸ್‌ಗೆ ಅದು ಮೊದಲ ಸಲವೂ ಅಲ್ಲ. 2021ರ ನವೆಂಬರ್‌ನಲ್ಲಿ ಡಿಜಿಟಲ್ ಸೇವೆಗಳು ಎರಡು ದಿನಕ್ಕೂ ಹೆಚ್ಚು ಕಾಲ ತೊಂದರೆ ಕೊಟ್ಟಿದ್ದವು, ಒಳಗೆ ಬರುವವರನ್ನು ಪರಿಶೀಲಿಸಿ ಬಿಡುವ ಸರ್ವರ್‌ಗಳ ದೋಷ ಅದು. 2023ರ ಮಾರ್ಚ್ 29ರಂದು ಮತ್ತೆ, ಸಾಫ್ಟ್‌ವೇರ್ ದೋಷ. ಮೇ 5ರಂದು ಮತ್ತೆ, ನಿರ್ವಹಣೆಗೆ ಬರೆದ ಪ್ರೋಗ್ರಾಮಿನಲ್ಲಿ ಮನುಷ್ಯರ ತಪ್ಪು. ಹೀಗೆ ಪ್ರತಿ ಸಲವೂ ಬೇರೆ ಕಾರಣ. ಇದು ಗಮನಿಸಬೇಕಾದ ಲಕ್ಷಣ. ಒಬ್ಬ ರೋಗಿಗೆ ಒಂದು ತಿಂಗಳು ನ್ಯುಮೋನಿಯಾ, ಮುಂದಿನ ತಿಂಗಳು ಚರ್ಮದ ಸೋಂಕು, ಆಮೇಲೆ ಕಿವಿ ಸೋಂಕು ಬಂದರೆ ಒಳ್ಳೆ ವೈದ್ಯರು ಮೂರು ಔಷಧಿ ಬರೆದು ಸುಮ್ಮನಾಗಲ್ಲ, ರೋಗನಿರೋಧಕ ಶಕ್ತಿಗೆ ಏನಾಗಿದೆ ಅಂತ ನೋಡ್ತಾರೆ. ಎಂಎಎಸ್ ಕೂಡ ಸ್ವತಂತ್ರ ತಪಾಸಣೆ ಮಾಡಿಸಲು ಹೇಳಿತು. ಅದರಲ್ಲಿ ಹೊರಬಂದದ್ದೂ ಒಂದು ಬಿಡಿಭಾಗದ ದೋಷವಲ್ಲ. ವ್ಯವಸ್ಥೆಯ ತಾಳಿಕೆ, ಘಟನೆ ನಡೆದಾಗ ನಿಭಾಯಿಸುವ ರೀತಿ, ಬದಲಾವಣೆಗಳನ್ನು ಮಾಡುವ ಕ್ರಮ, ಮೇಲಿನವರ ಉಸ್ತುವಾರಿ, ಎಲ್ಲದರಲ್ಲೂ ಕೊರತೆ.

ಎಂಎಎಸ್ ಹಾಕಿದ ಮೊದಲ ಶಿಕ್ಷೆ ಹೊರಗಿನವರಿಗೆ ಸುಲಭವಾಗಿ ಅರ್ಥವಾಗಲ್ಲ. 2022ರ ಫೆಬ್ರವರಿಯಲ್ಲಿ, ಕಾರ್ಯಾಚರಣೆಯ ಅಪಾಯಕ್ಕಾಗಿ ಹಾಕುವ ಲೆಕ್ಕವನ್ನು 1.5ರಿಂದ ಗುಣಿಸಿ ಅಂತ ಆದೇಶಿಸಿತು. ಇದರಿಂದ ಡಿಬಿಎಸ್ ಸುಮಾರು 93 ಕೋಟಿ ಸಿಂಗಾಪುರ ಡಾಲರ್ ಹೆಚ್ಚುವರಿ ಬಂಡವಾಳ ಎತ್ತಿಡಬೇಕಾಯಿತು. 2023ರ ಮೇ ತಿಂಗಳಲ್ಲಿ ಗುಣಕವನ್ನು 1.8ಕ್ಕೆ ಏರಿಸಿದರು, ಒಟ್ಟು ಹೆಚ್ಚುವರಿ ಸುಮಾರು 160 ಕೋಟಿ ಡಾಲರ್ ಆಯಿತು.

ಪತ್ರಿಕೆ ಓದಿದ ಬಹಳ ಜನ ಇದನ್ನು 160 ಕೋಟಿ ದಂಡ ಅಂದುಕೊಂಡರು. ದಂಡ ಅಲ್ಲ. ಊರಿನ ಲೆಕ್ಕದಲ್ಲಿ ಹೇಳೋದಾದರೆ, ಬರಗಾಲಕ್ಕೆ ಅಂತ ಪ್ರತಿ ರೈತನೂ ಹತ್ತು ಮೂಟೆ ಭತ್ತ ಕಣಜದಲ್ಲಿ ಇಟ್ಟಿರಬೇಕು ಅನ್ನೋ ಕಟ್ಟಳೆ ಇದೆ ಅನ್ನಿ. ಒಬ್ಬರ ಗದ್ದೆ ಬದು ಪದೇ ಪದೇ ಒಡೀತಿದೆ. ಪಂಚಾಯ್ತಿಯವರು, ನೀವು ಹತ್ತಲ್ಲ, ಹದಿನೆಂಟು ಮೂಟೆ ಇಡಿ ಅಂತಾರೆ. ಭತ್ತ ಅವರದ್ದೇ, ಎಲ್ಲೂ ಹೋಗಲ್ಲ. ಆದರೆ ಮಾರುವ ಹಾಗಿಲ್ಲ, ಬಿತ್ತುವ ಹಾಗಿಲ್ಲ. ನಷ್ಟ ಅಂದರೆ ಆ ಎಂಟು ಮೂಟೆಯಿಂದ ಬರಬಹುದಾಗಿದ್ದ ಲಾಭ ಮಾತ್ರ. 160 ಕೋಟಿಯನ್ನು ಬೇರೆಡೆ ತೊಡಗಿಸಿ ಶೇಕಡಾ 10 ಗಳಿಸಬಹುದಿತ್ತು ಅಂತಿಟ್ಟುಕೊಂಡರೆ ವರ್ಷಕ್ಕೆ 16 ಕೋಟಿ. ಅದೇ 2023ರಲ್ಲಿ ಡಿಬಿಎಸ್ ನಿವ್ವಳ ಲಾಭ ಸುಮಾರು 1,030 ಕೋಟಿ ಡಾಲರ್, ಅದುವರೆಗಿನ ದಾಖಲೆ. ಹಾಗಾಗಿ ಈ ಔಷಧಿ ಕಹಿ ಅಂತ ಹೇಳಬಹುದು, ತಡೆಯುವಷ್ಟು ಕಹಿಯಾಗಿತ್ತು ಅಂತ ನನಗನ್ನಿಸಲ್ಲ. 1.5 ಹಾಕಿದ ಮೇಲೂ ಮಾರ್ಚ್ ಬಂತು, 1.8 ಹಾಕಿದ ಮೇಲೂ ಅಕ್ಟೋಬರ್ ಬಂತು. ಇನ್ನೊಂದು ಮಾತು: ಈ ದುಡ್ಡಿನಲ್ಲಿ ಒಂದು ಸೆಂಟೂ ಆವತ್ತು ಎಟಿಎಂ ಮುಂದೆ ನಿಂತ ಗ್ರಾಹಕರಿಗೆ ಹೋಗಲ್ಲ.

2023ರ ನವೆಂಬರ್ 1ರಂದು, ಅಂದರೆ ಅಕ್ಟೋಬರ್ ಘಟನೆಯಾಗಿ ಹದಿನೆಂಟು ದಿನಕ್ಕೆ, ಎಂಎಎಸ್ ಬೇರೆ ಅಸ್ತ್ರ ತೆಗೆಯಿತು. ಆರು ತಿಂಗಳು ಡಿಬಿಎಸ್ ಅವಶ್ಯವಲ್ಲದ ಯಾವ ಐಟಿ ಬದಲಾವಣೆಯನ್ನೂ ಮಾಡಬಾರದು. ಹೊಸ ವ್ಯವಹಾರಗಳನ್ನು ಕೊಳ್ಳಬಾರದು. ಸುರಕ್ಷತೆ, ಕಾನೂನು ಪಾಲನೆ, ಅಪಾಯ ನಿರ್ವಹಣೆಗೆ ಬೇಕಾದ ಬದಲಾವಣೆಗಳಿಗೆ ಮಾತ್ರ ಅವಕಾಶ. ಜೊತೆಗೆ ಸಿಂಗಾಪುರದಲ್ಲಿರುವ ಶಾಖೆಗಳನ್ನೂ ಎಟಿಎಂಗಳನ್ನೂ ಕಡಿಮೆ ಮಾಡಬಾರದು.

ಇದು ನನಗೆ ತುಂಬ ಹಿಡಿಸಿದ ಕ್ರಮ. ಕಾರಣ ಜೀವಕೋಶದಲ್ಲಿದೆ. ಕೋಶ ಎರಡಾಗಿ ಒಡೆಯುವ ಮುಂಚೆ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಡಿಎನ್‌ಎಗೆ ಪೆಟ್ಟು ಬಿದ್ದಿದ್ದರೆ, ಪಿ53 ಅನ್ನೋ ಪ್ರೋಟೀನು ತಡೆ ಹಾಕುತ್ತೆ: ಬೆಳೆಯೋದು ಸಾಕು, ಮೊದಲು ರಿಪೇರಿ. ರಿಪೇರಿ ಆದರೆ ಮುಂದೆ ಹೋಗು, ಆಗದಿದ್ದರೆ ಸಾಯಿ. ಮನುಷ್ಯರಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ53 ಜೀನೇ ಕೆಟ್ಟಿರುತ್ತೆ. ಪೆಟ್ಟು ಬಿದ್ದ ಮೇಲೂ ಬೆಳೆಯುತ್ತಲೇ ಇರೋದು ಎಷ್ಟು ಅಪಾಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹಿಂದಿನ ಲೆಕ್ಕ ನೆನಪಿಸಿಕೊಳ್ಳಿ, ಪ್ರತಿ ಬದಲಾವಣೆಯೂ ಬ್ಯಾಕಪ್ ಅನ್ನು ಸ್ವಲ್ಪ ಹಾಳು ಮಾಡುವ ಅವಕಾಶ. ಬದಲಾವಣೆಯ ವೇಗ ಇಳಿಸಿದರೆ ಹೊಸ ತಪ್ಪು ಹುಟ್ಟುವ ವೇಗ ತಾನಾಗಿಯೇ ಇಳಿಯುತ್ತೆ, ಹಳೆಯದನ್ನು ಹುಡುಕಲು ಇಂಜಿನಿಯರುಗಳಿಗೆ ಸಮಯ ಸಿಗುತ್ತೆ. ದಂಡ ಹಾಕಿದರೆ ಹಣಕಾಸು ವಿಭಾಗಕ್ಕೆ ನೋವು. ಬದಲಾವಣೆ ನಿಲ್ಲಿಸಿದರೆ ನೋವು ಆಗಬೇಕಾದ ಜಾಗಕ್ಕೇ ತಟ್ಟುತ್ತೆ.

ಶಾಖೆ ಮುಚ್ಚಬಾರದು ಅನ್ನೋ ಷರತ್ತನ್ನ ಪತ್ರಿಕೆಗಳು ಕೊನೆಯ ಸಾಲಿನಲ್ಲಿ ಬರೆದು ಮುಗಿಸಿದವು. ನನ್ನ ಮಟ್ಟಿಗೆ ಅದು ಮೊದಲ ಸಾಲಿಗೆ ಬರಬೇಕಾದದ್ದು. ಶಾಖೆ, ಎಟಿಎಂ, ಕೈಯಲ್ಲಿ ನೋಟು ಇವೇ ಡಿಜಿಟಲ್ ಬ್ಯಾಂಕಿನ ನಿಜವಾದ ಬ್ಯಾಕಪ್. ಜನ ಬಳಸ್ತಿಲ್ಲ ಅನ್ನೋ ಕಾರಣಕ್ಕೆ ಅವನ್ನು ಕಡಿಮೆ ಮಾಡುತ್ತಾ ಹೋದರೆ ಮತ್ತೆ ಗುಲೋ ಕಥೆ. ಎಂಬತ್ತು ವರ್ಷದ ಅಜ್ಜಿಗೆ ಆ್ಯಪ್ ಬ್ಯಾಕಪ್ಪೂ ಅಲ್ಲ, ಮೂಲವೂ ಅಲ್ಲ. ಅವರಿಗೆ ಇರೋದು ಕೌಂಟರ್ ಒಂದೇ.

ಆರು ತಿಂಗಳ ತಡೆ 2024ರ ಏಪ್ರಿಲ್ 30ಕ್ಕೆ ಮುಗಿಯಿತು. ಸುಧಾರಣೆ ಆಗಿದೆ ಅಂತ ಎಂಎಎಸ್ ಅದನ್ನು ಮುಂದುವರಿಸಲಿಲ್ಲ, ಆದರೆ 1.8ರ ಗುಣಕವನ್ನು ಹಾಗೇ ಇಟ್ಟುಕೊಂಡಿತು. ಬ್ಯಾಂಕಿನ ಒಳಗೂ ಹೊಣೆ ಹಂಚಿಕೆ ಆಯಿತು. ಆಗಿನ ಸಿಇಒ ಪಿಯೂಷ್ ಗುಪ್ತಾ ಅವರ 2023ರ ಬದಲಾಗುವ ವೇತನದಲ್ಲಿ ಶೇಕಡಾ 30 ಕಡಿತ, ಅಂದರೆ ಸುಮಾರು 41 ಲಕ್ಷ ಡಾಲರ್. ಮೇಲಿನ ಆಡಳಿತ ತಂಡಕ್ಕೆ ಒಟ್ಟಾರೆ ಶೇಕಡಾ 21 ಕಡಿತ.

ಬೇರೆ ದೇಶಗಳಲ್ಲಿ ಕೇಳ್ತಿರೋರಿಗಾಗಿ ಎರಡು ಹೋಲಿಕೆ. ಬ್ರಿಟನ್‌ನಲ್ಲಿರುವ ನಿಮಗೆ ಟಿಎಸ್‌ಬಿ ನೆನಪಿರಬಹುದು. 2018ರ ಏಪ್ರಿಲ್‌ನಲ್ಲಿ ಒಂದು ವಾರಾಂತ್ಯದಲ್ಲಿ ಲಾಯ್ಡ್ಸ್ ಗುಂಪಿನ ಹಳೆಯ ವ್ಯವಸ್ಥೆಯಿಂದ, ಮಾಲೀಕರಾದ ಸ್ಪೇನಿನ ಸಬಾಡೆಲ್ ಬ್ಯಾಂಕಿನ ಹೊಸ ವ್ಯವಸ್ಥೆಗೆ 52 ಲಕ್ಷ ಗ್ರಾಹಕರನ್ನು ಒಂದೇ ಏಟಿಗೆ ಸಾಗಿಸಲು ಹೋದರು. ಜನ ತಮ್ಮ ಖಾತೆ ನೋಡಲಾಗದೆ ಒದ್ದಾಡಿದರು, ಕೆಲವರಿಗೆ ಇನ್ನೊಬ್ಬರ ಖಾತೆ ಕಂಡಿತು. ಎಲ್ಲ ಸಹಜ ಸ್ಥಿತಿಗೆ ಬರಲು ಡಿಸೆಂಬರ್ ಆಯಿತು. ತನಿಖೆಯಲ್ಲಿ ಬಯಲಾದ ಒಂದು ಸಂಗತಿ: ಎರಡು ಡೇಟಾ ಸೆಂಟರ್‌ಗಳು ಒಂದೇ ರೀತಿ ಇರಬೇಕಿತ್ತು, ಆದರೆ ಒತ್ತಡ ತಡೆಯುತ್ತಾ ಅನ್ನೋ ಪರೀಕ್ಷೆಯನ್ನು ಒಂದರ ಮೇಲೆ ಮಾತ್ರ ಮಾಡಿದ್ದರು. ಮತ್ತೆ ಅದೇ!

ಬ್ರಿಟನ್ ಹಾಕಿದ್ದು ನಿಜವಾದ ದಂಡ. ಅಲ್ಲಿನ ಇಬ್ಬರು ನಿಯಂತ್ರಕರು ಸೇರಿ 4 ಕೋಟಿ 86 ಲಕ್ಷದ 50 ಸಾವಿರ ಪೌಂಡ್. ಬ್ಯಾಂಕು ಗ್ರಾಹಕರಿಗೆ ಪರಿಹಾರವಾಗಿ ಕೊಟ್ಟದ್ದು 3 ಕೋಟಿ 27 ಲಕ್ಷ ಪೌಂಡ್. ಆಗಿನ ಮುಖ್ಯ ಮಾಹಿತಿ ಅಧಿಕಾರಿ ಕಾರ್ಲೋಸ್ ಅಬಾರ್ಕಾ ಅವರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ, ಹೊರಗುತ್ತಿಗೆಯವರು ಸಿದ್ಧರಿದ್ದಾರೆ ಅನ್ನೋದನ್ನ ಸರಿಯಾಗಿ ಖಾತ್ರಿ ಮಾಡಿಕೊಳ್ಳಲಿಲ್ಲ ಅನ್ನೋ ಕಾರಣಕ್ಕೆ. ಗ್ರಾಹಕರಿಗೆ ದುಡ್ಡು ಸಿಕ್ಕಿದ್ದು, ಹೆಸರು ಹಿಡಿದು ಒಬ್ಬರನ್ನು ಹೊಣೆ ಮಾಡಿದ್ದು ಎರಡೂ ಒಳ್ಳೆಯದೇ. ಆದರೆ ಬ್ಯಾಂಕಿನ ದಂಡದ ಆದೇಶ ಬಂದದ್ದು 2022ರ ಡಿಸೆಂಬರ್‌ನಲ್ಲಿ, ನಾಲ್ಕೂವರೆ ವರ್ಷದ ಮೇಲೆ. ಪಾಠ ಕಲಿಸುವ ಶಿಕ್ಷೆ ಅಷ್ಟು ತಡವಾದರೆ ಕಲಿಯಬೇಕಾದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಲ್ಯಾಬಿನಲ್ಲಿ ಇಲಿಗೆ ಏನಾದರೂ ಕಲಿಸುವಾಗಲೂ ಕೆಲಸಕ್ಕೂ ಫಲಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ಕಲಿಕೆ ಕುಂದುತ್ತೆ.

ಇನ್ನು ಭಾರತ. ನಮ್ಮ ಮನೆಯವರಲ್ಲಿ ಎಷ್ಟೋ ಜನರ ಖಾತೆ ಇರುವ ಎಚ್‌ಡಿಎಫ್‌ಸಿ ಬ್ಯಾಂಕ್‌ನ ಮುಖ್ಯ ಡೇಟಾ ಸೆಂಟರ್‌ನಲ್ಲಿ 2020ರ ನವೆಂಬರ್ 21ರಂದು ವಿದ್ಯುತ್ ಹೋಗಿ ಸೇವೆಗಳು ನಿಂತವು. ಅದಕ್ಕೂ ಹಿಂದಿನ ಎರಡು ವರ್ಷದಲ್ಲಿ ಇಂಥವು ಆಗಿದ್ದವು. ಹನ್ನೊಂದೇ ದಿನಕ್ಕೆ, ಡಿಸೆಂಬರ್ 2ರಂದು ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿತು: ಹೊಸ ಡಿಜಿಟಲ್ ಯೋಜನೆಗಳನ್ನು ನಿಲ್ಲಿಸಿ, ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸಿಕೊಳ್ಳಬೇಡಿ. ಹೊರಗಿನವರಿಂದ ಐಟಿ ತಪಾಸಣೆಯನ್ನೂ ಮಾಡಿಸಿತು. ಕಾರ್ಡಿನ ತಡೆ ತೆಗೆದದ್ದು 2021ರ ಆಗಸ್ಟ್‌ನಲ್ಲಿ, ಪೂರ್ತಿ ತೆರವಾದದ್ದು 2022ರ ಮಾರ್ಚ್‌ನಲ್ಲಿ. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರಾ ಬ್ಯಾಂಕ್‌ಗೂ ಇದೇ ರೀತಿ ತಡೆ ಬಂತು, 2025ರ ಫೆಬ್ರವರಿವರೆಗೆ ಇತ್ತು. ಪಿ53 ದಾರಿಯನ್ನು ರಿಸರ್ವ್ ಬ್ಯಾಂಕ್ ಸಿಂಗಾಪುರಕ್ಕಿಂತ ಮೂರು ವರ್ಷ ಮೊದಲೇ ಹಿಡಿದಿತ್ತು, ಅದೂ ಗಡುವು ಹೇಳದೆ. ಆರು ತಿಂಗಳು ಅಂತ ಮೊದಲೇ ಹೇಳಿಬಿಟ್ಟರೆ ದಿನ ಎಣಿಸಿಕೊಂಡು ಕೂರಬಹುದು. ರಿಪೇರಿ ಆಗೋವರೆಗೆ ಅಂದರೆ ರಿಪೇರಿ ಮಾಡಲೇಬೇಕು. ಕೋಶದ ಒಳಗೂ ತಡೆ ಬಿಡುವುದು ಕ್ಯಾಲೆಂಡರ್ ನೋಡಿ ಅಲ್ಲ.

ಒಂದು ಎಳೆ ಉಳಿಯಿತು. ವಾಲ್ವ್ ಮುಚ್ಚಿದ್ದು ಬ್ಯಾಂಕಲ್ಲ, ಡೇಟಾ ಸೆಂಟರ್. ಎಂಎಎಸ್ ಕೈ ಬ್ಯಾಂಕಿನವರೆಗೆ ಮಾತ್ರ ಹೋಗುತ್ತೆ. ಹೊರಗೆ ಕೊಟ್ಟ ಕೆಲಸಕ್ಕೂ ಬ್ಯಾಂಕೇ ಹೊಣೆ ಅನ್ನೋದು ಅವರ ನಿಲುವು. ಸರಿಯಾದ ನಿಲುವೇ, ಆದರೆ ಸಾಲದು. ಒಂದೇ ಕಟ್ಟಡದಲ್ಲಿ ಎರಡು ಬ್ಯಾಂಕುಗಳ ಯಂತ್ರಗಳಿವೆ ಅನ್ನೋ ಅಪಾಯವನ್ನು ಎರಡು ಬ್ಯಾಂಕುಗಳೂ ಬೇರೆ ಬೇರೆಯಾಗಿ ನೋಡಿದರೆ ಯಾರಿಗೂ ಕಾಣಲ್ಲ. ಮೇಲಿನಿಂದ ನೋಡುವವರು ಬೇಕು. ಈ ಘಟನೆಯ ನಂತರ ಸಿಂಗಾಪುರ ಸರ್ಕಾರ 2024ರ ಮಾರ್ಚ್‌ನಲ್ಲಿ ಡೇಟಾ ಸೆಂಟರ್, ಕ್ಲೌಡ್ ಸೇವೆಗಳಂಥ ಡಿಜಿಟಲ್ ಮೂಲಸೌಕರ್ಯಕ್ಕೇ ಒಂದು ಕಾಯ್ದೆ ತರುವುದಾಗಿ ಹೇಳಿತು. 2025ರ ಫೆಬ್ರವರಿಯಲ್ಲಿ ಅಲ್ಲಿನ ಐಎಂಡಿಎ ಸಂಸ್ಥೆ ಕ್ಲೌಡ್ ಮತ್ತು ಡೇಟಾ ಸೆಂಟರ್‌ಗಳಿಗೆ ಮಾರ್ಗಸೂಚಿ ಪ್ರಕಟಿಸಿತು. ಮಾರ್ಗಸೂಚಿ ಅಂದರೆ ಸಲಹೆ, ಕಡ್ಡಾಯ ಅಲ್ಲ. ಬ್ರಿಟನ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ: 2023ರ ಹಣಕಾಸು ಸೇವೆಗಳ ಕಾಯ್ದೆಯಲ್ಲಿ, ಬಹಳ ಬ್ಯಾಂಕುಗಳು ಅವಲಂಬಿಸಿರುವ ಹೊರಗಿನ ಕಂಪನಿಗಳನ್ನು ನಿರ್ಣಾಯಕ ಅಂತ ಗುರುತಿಸಿ ನೇರವಾಗಿ ನಿಯಂತ್ರಿಸುವ ಅಧಿಕಾರ ಕೊಟ್ಟಿದ್ದಾರೆ.

ಕೇಳುಗರಾದ ನಾವೇನು ಮಾಡಬಹುದು ಅಂತ ಕೇಳಿದರೆ, ಎರಡು ಬ್ಯಾಂಕಿನಲ್ಲಿ ಖಾತೆ ಇಡಿ ಅಂತ ಎಲ್ಲರೂ ಹೇಳ್ತಾರೆ. ಹೇಳುವಾಗ ಒಂದು ವಿಷಯ ಬಿಟ್ಟುಹೋಗುತ್ತೆ. ಸಿಂಗಾಪುರದಲ್ಲಿ ಪಿಒಎಸ್‌ಬಿಯಲ್ಲಿ ಒಂದು ಖಾತೆ, ಡಿಬಿಎಸ್‌ನಲ್ಲಿ ಇನ್ನೊಂದು ಇಟ್ಟುಕೊಂಡು ನೆಮ್ಮದಿಯಾಗಿರೋರು ಇದ್ದಾರೆ. 1998ರಲ್ಲೇ ಡಿಬಿಎಸ್ ಪಿಒಎಸ್‌ಬಿಯನ್ನು ಕೊಂಡುಕೊಂಡಿದೆ. ಬೋರ್ಡು ಎರಡು, ಬ್ಯಾಂಕು ಒಂದೇ. ಡಿಬಿಎಸ್ ಮತ್ತು ಸಿಟಿಬ್ಯಾಂಕ್ ಅಂತ ನಿಜವಾಗಿಯೇ ಬೇರೆ ಬೇರೆ ಇಟ್ಟುಕೊಂಡವರೂ ಆ ಶನಿವಾರ ಒಟ್ಟಿಗೇ ಸಿಕ್ಕಿಹಾಕಿಕೊಂಡರು, ಅದು ದುರದೃಷ್ಟ. ಎರಡನೇ ಖಾತೆ ಇದ್ದರೆ ತಿಂಗಳಿಗೆ ಒಂದೆರಡು ಸಲ ಅದರಿಂದಲೇ ದುಡ್ಡು ಕೊಡಿ. ವರ್ಷದಿಂದ ತೆರೆಯದ ಆ್ಯಪ್ ಬೇಕಾದ ಹೊತ್ತಿಗೆ ಪಾಸ್‌ವರ್ಡ್ ಕೇಳುತ್ತೆ, ಒಟಿಪಿಯನ್ನು ಹಳೆಯ ನಂಬರಿಗೆ ಕಳಿಸುತ್ತೆ, ಊರಿಗೆ ಕಳಿಸಬೇಕಾದ ಖಾತೆಯ ವಿವರ ಅದರಲ್ಲಿ ಸೇರಿಸಿರೋದೇ ಇಲ್ಲ. ಪರ್ಸಿನಲ್ಲಿ ಐವತ್ತು ಡಾಲರ್ ನೋಟೂ ಇರಲಿ.

ಗುಲೋ ಜೀನ್ ಯಾವ ಯಾವ ಪ್ರಾಣಿಗಳಲ್ಲಿ ಕೆಟ್ಟಿದೆ, ಗಿನಿ ಪಿಗ್‌ಗೂ ನಮಗೂ ಈ ವಿಷಯದಲ್ಲಿ ಏನು ಸಾಮ್ಯ ಅನ್ನೋದು ಮುಂದಿನ ಕಂತಿಗೆ. ಪ್ರಶ್ನೆಗಳಿದ್ದರೆ ಬರೆದು ಕಳಿಸಿ.